ಕೊಟ್ಟ ಮಾತು ಮತ್ತು ಬರೆದ ಪತ್ರ

ವ್ಯಾಪಾರವನ್ನು ಜೀವನೋಪಾಯವಾಗಿ ಆಶ್ರಯಿಸಿದ ಮನೆತನಗಳಲ್ಲಿ ಹಿಂದಿನಿಂದ ನಡೆದುಬಂದ ಎರಡು ಮಾತುಗಳುಂಟು. ‘ನಮ್ಮಲ್ಲಿ ಬಾಯಿಮಾತೇ ಪತ್ರ’ ಎಂಬುದು ಒಂದು. ‘ತಂದೆ ಮಕ್ಕಳಾದರೂ ಲೆಕ್ಕ ಲೆಕ್ಕವೇ’ ಎಂಬುದು ಮತ್ತೊಂದು. ಮೊದಲನೆಯದು ಅಭಿಮಾನದಿಂದ ಹುಟ್ಟಿದ ಮಾತು. ಎರಡನೆಯದು ಎಚ್ಚರದಿಂದ ಹುಟ್ಟಿದ್ದು. ಎರಡನ್ನೂ ಒಬ್ಬರೇ ಹಿರಿಯರು ಸಂದರ್ಭಕ್ಕೆ ತಕ್ಕಂತೆ ಆಡುವುದುಂಟು. ಸಾಲ ಕೊಡುವಾಗ ಒಂದು, ವಸೂಲಿಗೆ ಹೊರಡುವಾಗ ಇನ್ನೊಂದು ಎಂದು ಕಿರಿಯರು ನಗುವುದೂ ಉಂಟು. ಆದರೆ ಈ ಎರಡು ಮಾತುಗಳ ನಡುವೆ ನಗೆಯಲ್ಲಿ ತೇಲಿಸಿಬಿಡಲಾಗದ ಒಂದು ನೈತಿಕ ಪ್ರಶ್ನೆ ಅಡಗಿದೆ.

ಕೆಲವು ವ್ಯವಹಾರಗಳು ಬರವಣಿಗೆಯಲ್ಲಿಯೇ ಇರತಕ್ಕದ್ದೆಂದು ಕಾನೂನು ವಿಧಿಸುತ್ತದೆ. ಬರವಣಿಗೆ ಇಲ್ಲದಿದ್ದರೆ ನ್ಯಾಯಾಲಯವು ಅದನ್ನು ಜಾರಿಗೆ ತರುವುದಿಲ್ಲ. ಹಾಗಾದರೆ ಬರೆಯದೆ ಮಾತು ಕೊಟ್ಟವನು ಆ ಮಾತಿನಿಂದ ಬಿಡುಗಡೆ ಹೊಂದಿದನೇ? ಅಣುವ್ರತವನ್ನು ಸ್ವೀಕರಿಸಿದ ಗೃಹಸ್ಥನು ‘ಪತ್ರವೆಲ್ಲಿ?’ ಎಂಬ ಒಂದು ಪ್ರಶ್ನೆಯಿಂದ ತನ್ನ ಋಣವನ್ನು ಕಳೆದುಕೊಳ್ಳಬಹುದೇ? ಇದರ ಇನ್ನೊಂದು ಮುಖವೂ ವಿಚಾರಣೀಯ. ಬಂಧುವಿನಿಂದ ಅಥವಾ ಸಾಧರ್ಮಿಯಿಂದ ಪತ್ರ ಬರೆಸಿಕೊಳ್ಳುವುದು ಅವಿಶ್ವಾಸದ ಲಕ್ಷಣವೇ? ಪ್ರಕೃತ ಲೇಖನದಲ್ಲಿ ಈ ಎರಡು ಪ್ರಶ್ನೆಗಳನ್ನು, ವಿಶೇಷವಾಗಿ ನಮ್ಮ ಕುಟುಂಬಗಳನ್ನೂ ಬಸದಿಗಳ ಟ್ರಸ್ಟುಗಳನ್ನೂ ಮನಸ್ಸಿನಲ್ಲಿಟ್ಟುಕೊಂಡು, ಪರಿಶೀಲಿಸಲಾಗಿದೆ.

ಕಾನೂನು ಹೇಳುವುದೇನು?

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸಿಕೊಳ್ಳಬೇಕು. ಬರೆಯದ ಕರಾರು ಕರಾರೇ ಅಲ್ಲವೆಂದು ನಮ್ಮಲ್ಲಿ ಅನೇಕರು ಭಾವಿಸಿದ್ದಾರೆ. ಇದು ಸರಿಯಲ್ಲ. 1872ರ ಭಾರತೀಯ ಕರಾರು ಅಧಿನಿಯಮದ 10ನೆಯ ಪ್ರಕರಣದಂತೆ, ಯೋಗ್ಯತೆಯುಳ್ಳ ವ್ಯಕ್ತಿಗಳು ಮುಕ್ತ ಸಮ್ಮತಿಯಿಂದ, ನ್ಯಾಯಸಮ್ಮತವಾದ ಪ್ರತಿಫಲಕ್ಕಾಗಿ, ನ್ಯಾಯಸಮ್ಮತವಾದ ಉದ್ದೇಶದಿಂದ ಮಾಡಿಕೊಂಡ ಒಪ್ಪಂದವು ಬಾಯಿಮಾತಿನಲ್ಲಿದ್ದರೂ ಕರಾರೇ. ಬೇರೆ ಯಾವುದಾದರೂ ಕಾನೂನು ಬರವಣಿಗೆಯನ್ನೋ ಸಾಕ್ಷಿಗಳನ್ನೋ ನೋಂದಣಿಯನ್ನೋ ಕೇಳಿದರೆ ಅದನ್ನು ಪಾಲಿಸಬೇಕೆಂದು ಮಾತ್ರ ಅದೇ ಪ್ರಕರಣ ಸೇರಿಸುತ್ತದೆ. ಒಬ್ಬರ ಸಾಲಕ್ಕೆ ಮತ್ತೊಬ್ಬರು ನಿಲ್ಲುವ ಜಾಮೀನು ಸಹ ನಮ್ಮ ದೇಶದಲ್ಲಿ ಬಾಯಿಮಾತಿನದಾಗಿರಬಹುದು. 126ನೆಯ ಪ್ರಕರಣ ಇದನ್ನು ಸ್ಪಷ್ಟವಾಗಿ ಹೇಳಿದೆ. ‘ಅವನು ಕೊಡದಿದ್ದರೆ ನಾನು ಕೊಡುತ್ತೇನೆ’ ಎಂದು ಅಳಿಯನ ಪರವಾಗಿ ಅಂಗಡಿಯ ಮುಂದೆ ನಿಂತು ಹೇಳಿದ ಮಾವನವರು ಕಾನೂನಿನ ಕಣ್ಣಿನಲ್ಲಿಯೂ ಬದ್ಧರೇ.

ಬರವಣಿಗೆ ಕಡ್ಡಾಯವಾಗಿರುವ ವಿಷಯಗಳು ಎಣಿಸಬಹುದಾದಷ್ಟು. 1882ರ ಸ್ವತ್ತು ಹಸ್ತಾಂತರ ಅಧಿನಿಯಮದ 54ನೆಯ ಪ್ರಕರಣದಂತೆ 100 ರೂಪಾಯಿ ಅಥವಾ ಅದಕ್ಕೆ ಮೇಲ್ಪಟ್ಟ ಬೆಲೆಯ ಸ್ಥಿರಸ್ವತ್ತಿನ ಕ್ರಯವು ನೋಂದಾಯಿತ ಪತ್ರದಿಂದಲೇ ಆಗಬೇಕು. ಅಡಮಾನಪತ್ರಕ್ಕೆ, ಹಕ್ಕುಪತ್ರಗಳನ್ನು ಒತ್ತೆಯಿಡುವ ಬಗೆಯೊಂದನ್ನು ಬಿಟ್ಟರೆ, ನೋಂದಣಿಯೊಡನೆ ಇಬ್ಬರು ಸಾಕ್ಷಿಗಳ ರುಜು ಬೇಕು. ಒಂದು ವರ್ಷಕ್ಕೆ ಮೀರಿದ ಮನೆ, ಮಳಿಗೆಗಳ ಗುತ್ತಿಗೆಗೆ ನೋಂದಣಿ ಬೇಕು. ಸ್ಥಿರಸ್ವತ್ತಿನ ದಾನಕ್ಕೆ, 123ನೆಯ ಪ್ರಕರಣದಂತೆ, ದಾನಿಯ ರುಜುವುಳ್ಳ, ಇಬ್ಬರು ಸಾಕ್ಷಿಗಳಿರುವ, ನೋಂದಾಯಿತವಾದ ದಾನಪತ್ರ ಬೇಕು. ಅದನ್ನು ದಾನಿಯ ಜೀವಿತಕಾಲದಲ್ಲಿ ಸ್ವೀಕರಿಸಿರಲೂಬೇಕು. ಮರಣಶಾಸನಕ್ಕೆ 1925ರ ಭಾರತೀಯ ಉತ್ತರಾಧಿಕಾರ ಅಧಿನಿಯಮದಂತೆ ಇಬ್ಬರು ಸಾಕ್ಷಿಗಳು ಬೇಕು. ಅದರ ನೋಂದಣಿ ಮಾತ್ರ ಐಚ್ಛಿಕ. ವ್ಯಾಜ್ಯವನ್ನು ಪಂಚರ ಮುಂದಿಡುವ ಮಧ್ಯಸ್ಥಿಕೆಯ ಕರಾರೂ 1996ರ ಅಧಿನಿಯಮದಂತೆ ಬರವಣಿಗೆಯಲ್ಲಿರಬೇಕು. ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಕ್ರಯಕ್ಕೆ ಪತ್ರ ಬೇಕೇ ಬೇಕು. ಆದರೆ ಮುಂದೆ ಕ್ರಯಕ್ಕೆ ಕೊಡುತ್ತೇನೆಂಬ ಕರಾರು ಬಾಯಿಮಾತಿನದಾಗಿರಬಹುದೆಂದು ಸರ್ವೋಚ್ಚ ನ್ಯಾಯಾಲಯವು 1990ರಲ್ಲಿ ಹೇಳಿದೆ. ಆದರೆ ಅಂತಹ ಕರಾರನ್ನು ಸಿದ್ಧಪಡಿಸುವ ಭಾರ ಹೇಳುವವನ ಮೇಲೆ ಬಲವಾಗಿಯೇ ಬೀಳುತ್ತದೆ.

ಕೈಗಡದ ವಿಷಯ ಬೇರೆ. ಬಾಯಿಮಾತಿನ ಸಾಲವೂ ಸಾಲವೇ. ಆದರೆ 1963ರ ಕಾಲಪರಿಮಿತಿ ಅಧಿನಿಯಮದಂತೆ, ಕೊಟ್ಟ ದಿನದಿಂದ ಸಾಮಾನ್ಯವಾಗಿ 3 ವರ್ಷಗಳೊಳಗೆ ದಾವೆ ಹೂಡಬೇಕು. ಆ ಅವಧಿಯೊಳಗೆ ಸಾಲಗಾರನು ಬರೆದು ರುಜು ಮಾಡಿ ಸಾಲವನ್ನು ಒಪ್ಪಿಕೊಂಡರೆ ಅಲ್ಲಿಂದ ಹೊಸ ಅವಧಿ ಆರಂಭವಾಗುತ್ತದೆ. ಬಾಯಿಯಲ್ಲಿ ಎಷ್ಟು ಸಲ ಒಪ್ಪಿಕೊಂಡರೂ ಆಗುವುದಿಲ್ಲ. ‘ಮುಂದಿನ ಸುಗ್ಗಿಗೆ ಕೊಡುತ್ತೇನೆ’ ಎಂಬ ಮಾತನ್ನು ನಂಬಿ ನಾಲ್ಕು ಸುಗ್ಗಿ ಕಾದವನ ದಾವೆಯನ್ನು, ಎದುರಾಳಿ ಆಕ್ಷೇಪಿಸದಿದ್ದರೂ, ನ್ಯಾಯಾಲಯವೇ ವಜಾ ಮಾಡಬೇಕಾಗುತ್ತದೆ. ವ್ಯಾಪಾರಿಯ ಖಾತೆಪುಸ್ತಕಗಳಿಗೂ ಮಿತಿಯುಂಟು. ಕ್ರಮವಾಗಿ ಇಟ್ಟ ಲೆಕ್ಕವು ಸಾಕ್ಷ್ಯವಾಗಿ ಸಲ್ಲುತ್ತದೆ. ಆದರೆ ಅದೊಂದರಿಂದಲೇ ಮತ್ತೊಬ್ಬನ ಮೇಲೆ ಹೊಣೆ ಹೊರಿಸಲಾಗದೆಂದು 1872ರ ಸಾಕ್ಷ್ಯ ಅಧಿನಿಯಮ ಹೇಳಿತ್ತು. 2024ರ ಜುಲೈ 1ರಂದು ಅದರ ಸ್ಥಾನಕ್ಕೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮವೂ ಇದನ್ನೇ ಉಳಿಸಿಕೊಂಡಿದೆ. ತನ್ನ ಪುಸ್ತಕದಲ್ಲಿ ತಾನೇ ಬರೆದುಕೊಂಡದ್ದು ತನಗೆ ಪೂರ್ಣ ಸಾಕ್ಷಿಯಾಗದು ಎಂಬುದು ಇದರ ತಾತ್ಪರ್ಯ.

ಈ ನಿಯಮ ಹುಟ್ಟಿದ ಬಗೆ

ಬರವಣಿಗೆಯನ್ನು ಕಡ್ಡಾಯಗೊಳಿಸಿದ ಕಾನೂನುಗಳ ಪೈಕಿ ಇಂಗ್ಲೆಂಡಿನಲ್ಲಿ 1677ರಲ್ಲಿ, ಎರಡನೆಯ ಚಾರ್ಲ್ಸ್ ದೊರೆಯ ಕಾಲದಲ್ಲಿ, ಆದದ್ದು ಪ್ರಸಿದ್ಧವಾಗಿದೆ. ವಂಚನೆಗಳನ್ನೂ ಸುಳ್ಳುಸಾಕ್ಷ್ಯಗಳನ್ನೂ ತಡೆಯುವ ಕಾಯಿದೆ ಎಂದೇ ಅದರ ಹೆಸರು. ಭೂಮಿಯ ಕ್ರಯ, ಮತ್ತೊಬ್ಬರ ಸಾಲಕ್ಕೆ ನಿಲ್ಲುವ ಜಾಮೀನು, ವಿವಾಹವನ್ನು ಪ್ರತಿಫಲವಾಗಿಟ್ಟುಕೊಂಡು ಕೊಟ್ಟ ವಚನ, ಒಂದು ವರ್ಷದೊಳಗೆ ನೆರವೇರಲಾರದ ಕರಾರು, 10 ಪೌಂಡು ಅಥವಾ ಅದಕ್ಕೆ ಮೇಲ್ಪಟ್ಟ ಸರಕಿನ ಮಾರಾಟ ಮುಂತಾದವುಗಳಿಗೆ ರುಜುವುಳ್ಳ ಬರಹ ಬೇಕೆಂದು, ಸರಕಿನ ವಿಷಯದಲ್ಲಿ ಬರಹವಿಲ್ಲದಿದ್ದರೆ ಮುಂಗಡವೋ ಸರಕಿನ ಸ್ವೀಕಾರವೋ ಆಗಿರಬೇಕೆಂದು, ಅದು ವಿಧಿಸಿತು. ಅಂದಿನ ನ್ಯಾಯಾಲಯಗಳಲ್ಲಿ ದಾವೆಯ ವಾದಿ ಪ್ರತಿವಾದಿಗಳೇ ಸಾಕ್ಷಿ ಹೇಳಲು ಅರ್ಹರಾಗಿರಲಿಲ್ಲ. ಆದುದರಿಂದ ಬಾಡಿಗೆಯ ಸಾಕ್ಷಿಗಳನ್ನು ತಂದು ಆಗದ ಕರಾರನ್ನು ಆಯಿತೆಂದು ಹೇಳಿಸುವುದು ಸುಲಭವಾಗಿತ್ತು. ಆರೋಪಕ್ಕೆ ಗುರಿಯಾದವನು ಬಾಯಿ ತೆರೆಯುವಂತಿರಲಿಲ್ಲ. ಆ ರೋಗಕ್ಕೆ ಆ ಮದ್ದು.

ಮದ್ದು ಬೇಗನೆ ಇನ್ನೊಂದು ರೋಗಕ್ಕೆ ಎಡೆಮಾಡಿತು. ಭೂಮಿಯನ್ನು ಮಾತಿನಲ್ಲಿ ಕೊಟ್ಟು, ಹಣ ಪಡೆದು, ಕೊಂಡವನು ಮನೆ ಕಟ್ಟಿಕೊಂಡ ಮೇಲೆ ‘ಬರಹವಿಲ್ಲ’ ಎಂದು ಹೊರದೂಡುವವರು ಕಾಣಿಸಿಕೊಂಡರು. ವಂಚನೆಯನ್ನು ತಡೆಯಲು ಮಾಡಿದ ಕಾಯಿದೆಯೇ ವಂಚನೆಯ ಆಯುಧವಾಗಬಾರದೆಂದು ಆ ದೇಶದ ಧರ್ಮನ್ಯಾಯದ ಪೀಠಗಳು ಹೇಳಬೇಕಾಯಿತು. 1954ರಲ್ಲಿ ಬ್ರಿಟಿಷ್ ಸಂಸತ್ತು ಆ ಕಾಯಿದೆಯ ಬಹುಭಾಗವನ್ನು ರದ್ದುಗೊಳಿಸಿತು. ಜಾಮೀನಿನ ನಿಯಮ ಉಳಿಯಿತು. ಭೂಮಿಯ ನಿಯಮ ಬೇರೆ ಕಾಯಿದೆಗೆ ಸೇರಿ 1989ರಲ್ಲಿ ಇನ್ನಷ್ಟು ಬಿಗಿಯಾಯಿತು. ನಮ್ಮ ದೇಶದ 1872ರ ಅಧಿನಿಯಮವು ಬಾಯಿಮಾತಿಗೆ ಮೊದಲಿನಿಂದಲೂ ಹೆಚ್ಚು ಗೌರವ ಕೊಟ್ಟಿದೆ.

ಈ ಚರಿತ್ರೆಯಿಂದ ತಿಳಿಯುವುದೇನೆಂದರೆ, ಬರವಣಿಗೆಯ ನಿಯಮವು ಋಣದ ಸ್ವರೂಪವನ್ನು ಕುರಿತದ್ದಲ್ಲ. ಋಣವನ್ನು ಮೂರನೆಯವನೊಬ್ಬನು, ಅಂದರೆ ನ್ಯಾಯಾಧೀಶನು, ತಿಳಿಯುವ ಬಗೆಯನ್ನು ಕುರಿತದ್ದು. ಇದನ್ನು ನಮ್ಮ ಕಾನೂನೇ ಬೇರೆ ಬೇರೆ ಕಡೆ ಒಪ್ಪಿಕೊಂಡಿದೆ. ಕಾಲ ಮೀರಿದ ಸಾಲಕ್ಕೆ ದಾವೆ ಇಲ್ಲ. ಆದರೆ ಆ ಸಾಲವನ್ನು ತೀರಿಸುತ್ತೇನೆಂದು ಸಾಲಗಾರನು ಬರೆದು ರುಜು ಮಾಡಿದರೆ, ಹೊಸ ಪ್ರತಿಫಲವೇನೂ ಇಲ್ಲದಿದ್ದರೂ ಆ ವಚನ ಊರ್ಜಿತವೆಂದು ಕರಾರು ಅಧಿನಿಯಮದ 25ನೆಯ ಪ್ರಕರಣ ಹೇಳುತ್ತದೆ. ಸತ್ತ ಸಾಲವೆಂಬುದು ನಿಜವಾಗಿ ಸತ್ತಿದ್ದರೆ ಅದಕ್ಕೆ ಮತ್ತೆ ಜೀವ ಬರುವುದೆಲ್ಲಿಂದ? ಸತ್ತದ್ದು ದಾವೆಯ ಹಕ್ಕು ಮಾತ್ರ. ಸಾಲ ಅಲ್ಲಿಯೇ ಉಳಿದಿದೆ. ಹಾಗೆಯೇ 70ನೆಯ ಪ್ರಕರಣದಂತೆ, ಉಚಿತವಾಗಿ ಮಾಡುವ ಉದ್ದೇಶವಿಲ್ಲದೆ ಒಬ್ಬನು ಮತ್ತೊಬ್ಬನಿಗಾಗಿ ನ್ಯಾಯಸಮ್ಮತವಾಗಿ ಮಾಡಿದ ಕೆಲಸದ ಪ್ರಯೋಜನವನ್ನು ಪಡೆದವನು ಅದಕ್ಕೆ ತಕ್ಕದ್ದನ್ನು ಕೊಡಬೇಕು. ಪಶ್ಚಿಮ ಬಂಗಾಳ ಸರ್ಕಾರಕ್ಕಾಗಿ ಗುತ್ತಿಗೆದಾರರೊಬ್ಬರು ಕಟ್ಟಡಗಳನ್ನು ನಿರ್ಮಿಸಿದ್ದರು; ಸರ್ಕಾರದ ಕರಾರಿಗೆ ಬೇಕಾದ ವಿಧಿಬದ್ಧ ಬರಹ ಆಗಿರಲಿಲ್ಲ. ಕಟ್ಟಡವನ್ನು ಬಳಸಿಕೊಂಡ ಸರ್ಕಾರ ಬರಹವಿಲ್ಲವೆಂಬ ಕಾರಣದಿಂದ ಹಣ ಕೊಡದಿರಲಾಗದೆಂದು ಸರ್ವೋಚ್ಚ ನ್ಯಾಯಾಲಯ ಈ ಪ್ರಕರಣದ ಆಧಾರದ ಮೇಲೆಯೇ ತೀರ್ಮಾನಿಸಿತು.

ಆದುದರಿಂದ ಮೊದಲನೆಯ ಪ್ರಶ್ನೆಗೆ ಉತ್ತರ ಇಲ್ಲಿಯೇ ದೊರೆಯುತ್ತದೆ. ಪುರಾವೆ ಬೇಕಾಗಿರುವುದು ತಿಳಿಯದವನಿಗೆ. ಮಾತು ಕೊಟ್ಟವನಿಗೆ ತಾನು ಮಾತು ಕೊಟ್ಟದ್ದು ತಿಳಿದಿದೆ. ತನಗೆ ತಿಳಿದಿರುವುದಕ್ಕೆ ಇನ್ನೊಬ್ಬನಿಂದ ಪುರಾವೆ ಕೇಳುವವನು ಸತ್ಯವನ್ನು ಶೋಧಿಸುತ್ತಿಲ್ಲ, ಸತ್ಯದಿಂದ ತಪ್ಪಿಸಿಕೊಳ್ಳುತ್ತಿದ್ದಾನೆ. ನ್ಯಾಯಾಧೀಶನು ‘ಪತ್ರವೆಲ್ಲಿ?’ ಎಂದು ಕೇಳಿದರೆ ಅದು ಕರ್ತವ್ಯ. ಸಾಲಗಾರನೇ ಅದನ್ನು ಕೇಳಿದರೆ ಅದು ಬೇರೆಯೇ ಸಂಗತಿ.

ಕೂಟಲೇಖ ಮತ್ತು ನ್ಯಾಸಾಪಹಾರ

ನಮ್ಮ ಆಚಾರ್ಯರು ಈ ಸಂಗತಿಗೆ ಹೆಸರಿಟ್ಟಿದ್ದಾರೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಸತ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದೆ: ಮಿಥ್ಯೋಪದೇಶ, ರಹೋಭ್ಯಾಖ್ಯಾನ, ಕೂಟಲೇಖಕ್ರಿಯೆ, ನ್ಯಾಸಾಪಹಾರ, ಸಾಕಾರಮಂತ್ರಭೇದ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದ ಪಟ್ಟಿ ಸ್ವಲ್ಪ ಭಿನ್ನವಾಗಿದ್ದರೂ ಕೂಟಲೇಖ, ನ್ಯಾಸಾಪಹಾರಗಳೆರಡೂ ಅಲ್ಲಿಯೂ ಇವೆ. ಐದರಲ್ಲಿ ಎರಡು ಲೇವಾದೇವಿಗೆ, ಲೆಕ್ಕಪತ್ರಗಳಿಗೆ ನೇರವಾಗಿ ಸಂಬಂಧಿಸಿದವೆಂಬುದು ಗಮನಾರ್ಹ.

ನ್ಯಾಸವೆಂದರೆ ನಂಬಿ ಇಟ್ಟ ಒತ್ತೆ ಅಥವಾ ಠೇವಣಿ. ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ನ್ಯಾಸಾಪಹಾರವನ್ನು ವಿವರಿಸುವ ಬಗೆ ಬಹು ಸೂಕ್ಷ್ಮವಾದದ್ದು. ಇಟ್ಟ ಹೊನ್ನನ್ನು ಇಲ್ಲವೆಂದು ಪೂರ್ತಿ ನಿರಾಕರಿಸುವ ಒರಟು ಕಳವನ್ನು ಅವರು ಉದಾಹರಿಸುವುದಿಲ್ಲ. ಇಟ್ಟವನು ತಾನೆಷ್ಟು ಇಟ್ಟೆನೆಂಬ ಲೆಕ್ಕವನ್ನು ಮರೆತು ಕಡಿಮೆ ಕೇಳುತ್ತಾನೆ. ಇಟ್ಟುಕೊಂಡವನು ‘ಹೌದು, ಅಷ್ಟೇ’ ಎಂದು ಒಪ್ಪಿ ಅಷ್ಟನ್ನೇ ಕೊಡುತ್ತಾನೆ. ಇದು ನ್ಯಾಸಾಪಹಾರ. ಇಲ್ಲಿ ಇಟ್ಟುಕೊಂಡವನು ಕೇಳಿದ್ದನ್ನೆಲ್ಲ ಕೊಟ್ಟಿದ್ದಾನೆ. ಬೇಡಿಕೆಗಿಂತ ಒಂದು ಕಾಸೂ ಕಡಿಮೆ ಮಾಡಿಲ್ಲ. ಯಾವ ನ್ಯಾಯಾಲಯದಲ್ಲಿಯೂ ಅವನ ಮೇಲೆ ದೋಷ ಸಿದ್ಧವಾಗುವಂತಿಲ್ಲ. ಆದರೂ ಅತಿಚಾರ, ಏಕೆಂದರೆ ಅವನಿಗೆ ನಿಜವಾದ ಲೆಕ್ಕ ತಿಳಿದಿತ್ತು. ಇನ್ನೊಬ್ಬನ ಮರೆವನ್ನು, ಇನ್ನೊಬ್ಬನಲ್ಲಿ ಪತ್ರವಿಲ್ಲದಿರುವುದನ್ನು ತನ್ನ ಲಾಭವಾಗಿ ಪರಿವರ್ತಿಸಿಕೊಳ್ಳುವುದೇ ಇದರ ತಿರುಳು. ಮೂರು ವರ್ಷ ಕಳೆದುವೆಂದು ಕೈಗಡವನ್ನು ಅರಗಿಸಿಕೊಳ್ಳುವವನೂ, ಬರಹವಿಲ್ಲವೆಂದು ಜಾಮೀನಿನ ಮಾತನ್ನು ನುಂಗುವವನೂ ಇದೇ ಸಾಲಿನಲ್ಲಿ ನಿಲ್ಲುತ್ತಾರೆ.

ಕೂಟಲೇಖವು ಇದರ ಎದುರುಬದಿ. ಒಬ್ಬನು ಹೇಳದೆ ಇದ್ದುದನ್ನು ಹೇಳಿದನೆಂದು, ಮಾಡದೆ ಇದ್ದುದನ್ನು ಮಾಡಿದನೆಂದು ವಂಚನೆಗಾಗಿ ಬರೆಯುವುದು ಕೂಟಲೇಖವೆಂದು ಅದೇ ಟೀಕೆಯ ಅಭಿಪ್ರಾಯ. ಖೋಟಾ ರುಜು ಮಾಡುವವರು ನಮ್ಮಲ್ಲಿ ವಿರಳ. ಆದರೆ ಖಾಲಿ ಛಾಪಾ ಕಾಗದದ ಮೇಲೆ ರುಜು ಹಾಕಿಸಿಕೊಂಡು ಮುಂದೆ ಬೇಕಾದುದನ್ನು ತುಂಬುವುದು, ಹಿಂದಿನ ತಾರೀಖು ಹಾಕುವುದು, ಓದಲು ಬಾರದವರಿಗೆ ಓದಿ ಹೇಳದೆ ಹೆಬ್ಬೆರಳು ಒತ್ತಿಸುವುದು, ಕ್ರಯಪತ್ರದಲ್ಲಿ ಕೊಟ್ಟ ಹಣಕ್ಕಿಂತ ಕಡಿಮೆ ಮೊತ್ತವನ್ನು ಕಾಣಿಸುವುದು ಇವೆಲ್ಲವೂ ಏನು? ಕೊನೆಯದನ್ನಂತೂ ‘ಎಲ್ಲರೂ ಮಾಡುವ ವ್ಯವಹಾರ’ ಎಂದು ನಿರಾಯಾಸವಾಗಿ ಹೇಳಿಬಿಡುವವರುಂಟು. ಆಗದ ಬೆಲೆಯನ್ನು ಆಯಿತೆಂದು ಬರೆದು, ಕೊಂಡವನೂ ಕೊಟ್ಟವನೂ ಉಪನೋಂದಣಾಧಿಕಾರಿಯ ಮುಂದೆ ಒಪ್ಪಿಕೊಳ್ಳುವುದು ಕೂಟಲೇಖವಲ್ಲದೆ ಮತ್ತೇನೂ ಅಲ್ಲ. ಮುದ್ರಾಂಕ ಶುಲ್ಕವನ್ನು ತಪ್ಪಿಸುವುದರಿಂದ ಅದು ಅಚೌರ್ಯವ್ರತದ ಅತಿಚಾರಗಳಲ್ಲಿ ಒಂದಾದ ವಿರುದ್ಧರಾಜ್ಯಾತಿಕ್ರಮಕ್ಕೂ ಹತ್ತಿರವಾಗುತ್ತದೆ.

ಬರೆದದ್ದರಿಂದಲೇ ಸತ್ಯ ನೆಲೆಗೊಂಡಿತೆಂದು ಭಾವಿಸುವ ಆಧುನಿಕರು ಇದನ್ನು ಯೋಚಿಸಬೇಕು. ಪತ್ರದಲ್ಲಿ ಬರೆದ ಷರತ್ತಿಗೆ ವಿರುದ್ಧವಾದ ಬಾಯಿಮಾತಿನ ಸಾಕ್ಷ್ಯವನ್ನು ಕಾನೂನು ಸಾಮಾನ್ಯವಾಗಿ ಸ್ವೀಕರಿಸುವುದಿಲ್ಲ. ಆದುದರಿಂದ ಪತ್ರವು ಸತ್ಯವನ್ನು ಕಾಯುವಷ್ಟೇ ಬಲವಾಗಿ ಅಸತ್ಯವನ್ನೂ ಕಾಯಬಲ್ಲದು.

ಇನ್ನೊಂದು ಹೋಲಿಕೆಯೂ ಇಲ್ಲಿ ಸಲ್ಲುತ್ತದೆ. ಶ್ವೇತಾಂಬರ ಪರಂಪರೆಯಲ್ಲಿ, ಹೇಮಚಂದ್ರಾಚಾರ್ಯರ ಯೋಗಶಾಸ್ತ್ರದಲ್ಲಿಯೂ ಕಾಣುವಂತೆ, ಶ್ರಾವಕನು ಮೊದಲು ಬಿಡಬೇಕಾದ ಐದು ಸ್ಥೂಲ ಅಸತ್ಯಗಳನ್ನು ಹೇಳಿದೆ: ಕನ್ಯೆಯ ವಿಷಯದ ಸುಳ್ಳು, ಗೋವಿನ ವಿಷಯದ ಸುಳ್ಳು, ಭೂಮಿಯ ವಿಷಯದ ಸುಳ್ಳು, ನ್ಯಾಸದ ಅಪಹಾರ, ಕೂಟಸಾಕ್ಷ್ಯ. ಇಂಗ್ಲೆಂಡಿನ 1677ರ ಕಾಯಿದೆಯು ಬರವಣಿಗೆಯನ್ನು ಕೇಳಿದ್ದು ವಿವಾಹಸಂಬಂಧದ ವಚನಕ್ಕೆ, ಸರಕಿನ ಮಾರಾಟಕ್ಕೆ, ಭೂಮಿಗೆ, ಜಾಮೀನಿಗೆ. ತಡೆಯಲು ಬಯಸಿದ್ದು ಸುಳ್ಳುಸಾಕ್ಷ್ಯವನ್ನು. ದೇಶ ಬೇರೆ, ಕಾಲ ಬೇರೆ. ಒಂದು ಇನ್ನೊಂದನ್ನು ಕಂಡದ್ದಲ್ಲ. ಆದರೂ ಮನುಷ್ಯನು ಎಲ್ಲಿ ಹೆಚ್ಚಾಗಿ ಸುಳ್ಳಾಡುತ್ತಾನೆಂಬ ಅನುಭವ ಎರಡು ಕಡೆಯೂ ಬಹುಮಟ್ಟಿಗೆ ಒಂದೇ ಆಗಿತ್ತು. ಸಂಸತ್ತು ಅದಕ್ಕೆ ಹೊರಗಿನಿಂದ ಬೇಲಿ ಹಾಕಿತು. ಆಚಾರ್ಯರು ಒಳಗಿನಿಂದ ಬೇಲಿ ಹಾಕಿದರು.

ಪತ್ರ ಕೇಳುವುದು ಅವಿಶ್ವಾಸವೇ?

ಒಳಗಿನ ಬೇಲಿ ಇರುವವರಿಗೆ ಹೊರಗಿನ ಬೇಲಿ ಏಕೆ ಎಂಬ ಪ್ರಶ್ನೆ ಸಹಜ. ವ್ರತಧಾರಿಗಳಾದ ಇಬ್ಬರ ನಡುವೆ ಪತ್ರವೇಕೆ? ಈ ವಾದದಲ್ಲಿ ಒಂದು ಗೌರವವಿದೆ, ಅದನ್ನು ಹಗುರವಾಗಿ ತಳ್ಳಿಹಾಕಬಾರದು. ಮಾತಿನ ಮೇಲೆ ನಡೆದ ವ್ಯಾಪಾರವೇ ಒಂದು ಮನೆತನಕ್ಕೆ ಹೆಸರು ತಂದಿರುವುದುಂಟು. ಪ್ರತಿಯೊಂದಕ್ಕೂ ಕಾಗದ ಕೇಳುವ ಮನೆಯಲ್ಲಿ ಅಣ್ಣತಮ್ಮಂದಿರ ನಡುವೆಯೂ ಒಂದು ಬಗೆಯ ಚಳಿ ಸೇರಿಕೊಳ್ಳುವುದೂ ಸುಳ್ಳಲ್ಲ.

ಆದರೆ ಈ ವಾದವು ಪತ್ರದ ಪ್ರಯೋಜನವನ್ನು ಒಂದೇ ಬದಿಯಿಂದ ನೋಡುತ್ತದೆ. ಎದುರಿನವನು ಸುಳ್ಳಾಡಿಯಾನು ಎಂಬ ಶಂಕೆಯೇ ಪತ್ರಕ್ಕೆ ಕಾರಣವೆಂದು ಅದು ಭಾವಿಸುತ್ತದೆ. ನಿಜವಾಗಿ ಹೆಚ್ಚಿನ ವ್ಯಾಜ್ಯಗಳು ಸುಳ್ಳಿನಿಂದಲ್ಲ, ಮರೆವಿನಿಂದ ಮತ್ತು ಮರಣದಿಂದ ಹುಟ್ಟುತ್ತವೆ. ಇಬ್ಬರು ಪ್ರಾಮಾಣಿಕರು ಒಂದೇ ಮಾತನ್ನು ಹತ್ತು ವರ್ಷಗಳ ಅನಂತರ ಎರಡು ಬಗೆಯಾಗಿ ನೆನೆಯುತ್ತಾರೆ. ಬಡ್ಡಿಯಿಲ್ಲದೆ ಕೊಟ್ಟೆನೆಂದು ಒಬ್ಬರು, ಪಾಲಿಗೆ ಹಾಕಿದ್ದೆಂದು ಇನ್ನೊಬ್ಬರು. ಅವರ ಕಾಲಾನಂತರ ವಿಧವೆಯಾದ ತಾಯಿ, ಏನೂ ಅರಿಯದ ಮಕ್ಕಳು ಆ ಮಾತಿನ ಎರಡು ತುಂಡುಗಳನ್ನು ಹಿಡಿದು ನಿಲ್ಲುತ್ತಾರೆ. ಅಜ್ಜಂದಿರ ಸ್ನೇಹ ಮೊಮ್ಮಕ್ಕಳ ವೈರವಾಗುವುದು ಹೀಗೆ.

ಪ್ರಮಾದದಿಂದ ಪ್ರಾಣಕ್ಕೆ ಬಾಧೆಯಾಗುವುದು ಹಿಂಸೆಯೆಂದು ತತ್ತ್ವಾರ್ಥಸೂತ್ರ ಹೇಳುತ್ತದೆ. ಪ್ರಮಾದವೆಂಬ ಈ ಮಾತನ್ನು ನಾವು ನಡೆಯುವಾಗ, ನೀರು ಸೋಸುವಾಗ, ದೀಪ ಹಚ್ಚುವಾಗ ನೆನೆಯುತ್ತೇವೆ. ವ್ಯವಹಾರದಲ್ಲಿಯೂ ಅದಕ್ಕೆ ಸ್ಥಾನವಿದೆ. ಬರೆದಿಡುವುದರಿಂದ ತಪ್ಪಬಹುದಾದ ದ್ವೇಷಕ್ಕೆ, ಬರೆಯದೆ ಎಡೆಕೊಟ್ಟವನು ತಾನು ಸುಳ್ಳಾಡಲಿಲ್ಲವೆಂದು ಮಾತ್ರ ಹೇಳಿ ಹೊಣೆಯಿಂದ ಪಾರಾಗುವಂತಿಲ್ಲ. ಸಾಲ ಪಡೆದವನೇ ‘ಬರೆದುಕೊಳ್ಳಿ’ ಎಂದು ಮುಂದೆ ಬರುವುದು ಇಲ್ಲಿ ಉತ್ತಮ ಪಕ್ಷ. ಪತ್ರ ಕೇಳಿದರೆ ಅವಿಶ್ವಾಸವೆಂದು ತೋರಬಹುದು. ಪತ್ರ ಕೊಟ್ಟರೆ ಹಾಗೆ ತೋರುವುದಿಲ್ಲ. ಕೈಗಡ ಕೊಟ್ಟವರು ಸಂಕೋಚದಿಂದ ಬಾಯಿಬಿಡದಿದ್ದಾಗ, ಮೂರು ವರ್ಷ ತುಂಬುವ ಮೊದಲೇ ಸಾಲಗಾರನು ತಾನಾಗಿ ಒಂದು ಒಪ್ಪಿಗೆಯ ಚೀಟಿಯನ್ನು ಬರೆದು ರುಜು ಮಾಡಿ ತಲುಪಿಸಿದರೆ ಅದಕ್ಕಿಂತ ದೊಡ್ಡ ಸೌಜನ್ಯ ಬೇರೊಂದಿಲ್ಲ.

ಶಾಸನಗಳ ಸಾಕ್ಷ್ಯ

ನಮ್ಮ ಹಿರಿಯರು ಮಾತನ್ನೂ ಬರಹವನ್ನೂ ಒಂದಕ್ಕೊಂದು ವಿರೋಧಿಯೆಂದು ತಿಳಿದಿರಲಿಲ್ಲ. ಶ್ರವಣಬೆಳಗೊಳದ ಶಾಸನಗಳೇ ಇದಕ್ಕೆ ಸಾಕ್ಷಿ. 1368ರಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ವಿವಾದ ಬಂದಾಗ ವಿಜಯನಗರದ ಬುಕ್ಕರಾಯನು ಜೈನರ ಕೈಯನ್ನು ಹಿಡಿದು ವೈಷ್ಣವರ ಕೈಯಲ್ಲಿಟ್ಟು ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿದನು. ಕೈಯಲ್ಲಿ ಕೈಯಿಟ್ಟದ್ದು ಮಾತು. ಆದರೆ ಅಷ್ಟಕ್ಕೇ ಬಿಡಲಿಲ್ಲ. ಜೈನರಿಗೆ ಪಂಚಮಹಾವಾದ್ಯ, ಕಲಶಗಳು ಸಲ್ಲಬೇಕೆಂಬುದು, ಜೈನರ ಮನೆಯೊಂದಕ್ಕೆ ವರ್ಷಕ್ಕೆ ಒಂದು ಹಣದಂತೆ ಕೂಡಿಸಿ ಬೆಳಗೊಳದ ದೇವರ ಕಾವಲಿಗೆ ಇಪ್ಪತ್ತು ಜನರನ್ನು ನೇಮಿಸಬೇಕೆಂಬುದು, ಉಳಿದ ಹಣದಿಂದ ಜೀರ್ಣಜಿನಾಲಯಗಳಿಗೆ ಸುಣ್ಣ ಮಾಡಿಸಬೇಕೆಂಬುದು ಇವೆಲ್ಲ ಕಲ್ಲಿನಲ್ಲಿ ಬರೆಯಲ್ಪಟ್ಟವು. ಎಷ್ಟು, ಯಾರಿಂದ, ಯಾವುದಕ್ಕೆ ಎಂಬುದನ್ನು ಮುಂದಿನವರ ಊಹೆಗೆ ಬಿಡಲಿಲ್ಲ.

ಇನ್ನೊಂದು ಶಾಸನ 1634ರದು. ಬೆಳಗೊಳದ ಸ್ಥಾನಿಕರು ಕಷ್ಟಕಾಲದಲ್ಲಿ ದೇವರ ಭೂಮಿಗಳನ್ನು ಸಾಹುಕಾರರಿಗೆ ಅಡವಿಟ್ಟಿದ್ದರು. ಅಡವು ಹಿಡಿದವರು ಬಹುಕಾಲದಿಂದ ಅವನ್ನು ಅನುಭವಿಸುತ್ತಿದ್ದರು. ಮೈಸೂರಿನ ಚಾಮರಾಜ ಒಡೆಯರು ಅವರನ್ನು ಕರೆಸಿ, ಸಾಲವನ್ನು ತಾವೇ ತೀರಿಸುವುದಾಗಿ ಹೇಳಿದರು. ಆಗ ಅಡವು ಹಿಡಿದವರು ತಮ್ಮ ತಂದೆತಾಯಿಗಳ ಪುಣ್ಯಾರ್ಥವಾಗಿ ಆ ಹಕ್ಕನ್ನು ಬಿಟ್ಟುಕೊಟ್ಟರು. ಬಿಟ್ಟದ್ದನ್ನು ದಾನವಾಗಿ ಬರೆಸಲಾಯಿತು. ಮುಂದೆ ದೇವರ ಸ್ವತ್ತನ್ನು ಅಡವಿಡಬಾರದೆಂದೂ ವಿಧಿಸಲಾಯಿತು. ಋಣ ಅವರ ಪರವಾಗಿತ್ತು, ಪಡೆಯಲು ಹಕ್ಕಿತ್ತು, ಕೊಡಲು ದೊರೆ ಸಿದ್ಧನಿದ್ದನು. ಆದರೂ ಬಿಟ್ಟರು. ಕಾನೂನು ಕೊಡುವ ಹಕ್ಕನ್ನೆಲ್ಲ ಬಳಸಲೇಬೇಕೆಂಬ ನಿಯಮ ಧರ್ಮದಲ್ಲಿಲ್ಲ. ಹಾಗೆ ಬಿಟ್ಟದ್ದನ್ನು ಬರೆಸಿದ್ದರಿಂದಲೇ ಮುಂದಿನವರು ಅದನ್ನು ಮತ್ತೆ ಕೇಳದಂತಾಯಿತು.

ಟ್ರಸ್ಟುಗಳ ಹೊಣೆ

ವ್ಯಕ್ತಿಯು ತನ್ನ ಹಣದ ವಿಷಯದಲ್ಲಿ ಎಷ್ಟು ಬೇಕಾದರೂ ಉದಾರಿಯಾಗಬಹುದು. ಪತ್ರವಿಲ್ಲದೆ ಕೊಟ್ಟು ಕಳೆದುಕೊಂಡರೆ ಕಳೆದುಕೊಂಡದ್ದು ತನ್ನದು. ಬಸದಿಯ ಟ್ರಸ್ಟಿಗೆ ಆ ಸ್ವಾತಂತ್ರ್ಯವಿಲ್ಲ. ಅವನ ಕೈಯಲ್ಲಿರುವುದೆಲ್ಲವೂ ನ್ಯಾಸವೇ. ಪರಿಚಯದವರೆಂದು ಮಳಿಗೆಯನ್ನು ಪತ್ರವಿಲ್ಲದೆ ಬಾಡಿಗೆಗೆ ಕೊಡುವುದು, ಸಮಾಜದವರೆಂದು ದೇವದ್ರವ್ಯವನ್ನು ಚೀಟಿಯಿಲ್ಲದೆ ಸಾಲ ಕೊಡುವುದು ಔದಾರ್ಯವಲ್ಲ. ಪರರ ಸ್ವತ್ತಿನಲ್ಲಿ ತೋರಿದ ದಾಕ್ಷಿಣ್ಯ.

ಉತ್ಸವ, ಪಂಚಕಲ್ಯಾಣಗಳ ಸಭೆಯಲ್ಲಿ ಸವಾಲಿನಲ್ಲಿ ಕೂಗಿದ ಮೊತ್ತಗಳ ವಿಷಯದಲ್ಲಿ ಎರಡು ಹಳೆಯ ತೀರ್ಪುಗಳನ್ನು ಟ್ರಸ್ಟುಗಳು ಅರಿತಿರಬೇಕು. ಹೌರಾ ಪಟ್ಟಣದಲ್ಲಿ ಪುರಭವನ ಕಟ್ಟಲು ಚಂದಾ ಎತ್ತಿದಾಗ ಒಬ್ಬರು ಚಂದಾಪುಸ್ತಕದಲ್ಲಿ 100 ರೂಪಾಯಿಗೆ ರುಜು ಹಾಕಿ ಅನಂತರ ಕೊಡಲಿಲ್ಲ. ಚಂದಾದಾರರ ಮಾತನ್ನು ನಂಬಿಯೇ ಗುತ್ತಿಗೆದಾರನೊಡನೆ ಕರಾರು ಮಾಡಿಕೊಂಡಿದ್ದರಿಂದ ಅವರು ಕೊಡಲೇಬೇಕೆಂದು ಕಲ್ಕತ್ತೆಯ ಉಚ್ಚ ನ್ಯಾಯಾಲಯ 1886ರಲ್ಲಿ ತೀರ್ಮಾನಿಸಿತು. 1914ರ ಅಲಹಾಬಾದಿನ ಪ್ರಕರಣದಲ್ಲಿ ಮಸೀದಿಯ ದುರಸ್ತಿಗೆ 500 ರೂಪಾಯಿ ಕೊಡುವುದಾಗಿ ಮಾತು ಕೊಡಲಾಗಿತ್ತು. ಆ ಮಾತನ್ನು ನಂಬಿ ಯಾವ ಕೆಲಸವೂ ಆರಂಭವಾಗಿರಲಿಲ್ಲವಾದುದರಿಂದ ದಾವೆ ನಿಲ್ಲಲಿಲ್ಲ. ಕಾನೂನಿನ ದೃಷ್ಟಿಯಲ್ಲಿ ಈ ಎರಡಕ್ಕೂ ಅಂತರವಿದೆ. ಕೂಗಿದವನ ಅಂತಃಕರಣದ ದೃಷ್ಟಿಯಲ್ಲಿ ಅಂತರವಿಲ್ಲ. ಕಟ್ಟಡ ಮೇಲೇಳಲಿ, ಏಳದಿರಲಿ, ಸಭೆಯ ಮುಂದೆ, ಜಿನಬಿಂಬದ ಸನ್ನಿಧಿಯಲ್ಲಿ ಆಡಿದ ಮಾತು ಒಂದೇ. ಕೊಡಲು ಶಕ್ತಿ ಕುಂದಿದರೆ ಟ್ರಸ್ಟಿಗೆ ತಿಳಿಸಿ ಅವಧಿ ಕೇಳುವುದು ಗೌರವದ ಮಾರ್ಗ. ಟ್ರಸ್ಟುಗಳೂ ಶಕ್ತಿಮೀರಿ ಕೂಗಿಸುವ ಉತ್ಸಾಹವನ್ನು ಕಡಿಮೆ ಮಾಡಬೇಕು.

ಟ್ರಸ್ಟೇ ಋಣಿಯಾದಾಗ ಪರೀಕ್ಷೆ ಇನ್ನೂ ಕಠಿಣ. ಶಿಲ್ಪಿಗೋ ಗಾರೆಯವನಿಗೋ ಅಡಿಗೆಯವರಿಗೋ ಹಿಂದಿನ ಸಮಿತಿ ಮಾತಿನಲ್ಲಿ ಒಪ್ಪಿಸಿದ ಕೆಲಸಕ್ಕೆ ಹೊಸ ಸಮಿತಿಯು ‘ಪುಸ್ತಕದಲ್ಲಿಲ್ಲ, ಅವಧಿಯೂ ಮೀರಿದೆ, ದೇವದ್ರವ್ಯವನ್ನು ಸುಮ್ಮನೆ ಕೊಡಲಾಗದು’ ಎನ್ನುವುದುಂಟು. ಆಧಾರವಿಲ್ಲದೆ ಕೊಡಬಾರದೆಂಬುದು ಸರಿ. ಆದರೆ ಕೆಲಸ ಕಣ್ಣೆದುರಿಗಿದೆ, ಮಾಡಿಸಿದವರು ಬದುಕಿದ್ದಾರೆ, ಅವರನ್ನು ಕೇಳಿ ತಿಳಿಯಬಹುದಾಗಿದೆ ಎಂದಾದರೆ ಕೇಳದಿರುವುದೇ ದೋಷ. ಕೂಲಿ ಕೊಡದೆ ಉಳಿಸಿದ ಹಣದಿಂದ ದೇವದ್ರವ್ಯ ಹೆಚ್ಚುವುದಿಲ್ಲ. ಅಷ್ಟು ಪರದ್ರವ್ಯ ಅದರಲ್ಲಿ ಬೆರೆಯುತ್ತದೆ. ವಿಚಾರಿಸಿ, ಸಭೆಯ ನಡಾವಳಿಯಲ್ಲಿ ಕಾರಣಸಹಿತ ಬರೆದು, ಕೊಡುವುದು ಯುಕ್ತ.

ಒಂದು ಕಠಿಣ ಪ್ರಸಂಗ

ಹಿರಿಯರೊಬ್ಬರು ಸಭೆಯಲ್ಲಿ ತಮ್ಮ ಅರ್ಧ ಎಕರೆಯನ್ನು ಬಸದಿಗೆ ಕೊಟ್ಟೆನೆಂದು ಸಾರಿದರೆಂದು ಇಟ್ಟುಕೊಳ್ಳೋಣ. ದಾನಪತ್ರ ನೋಂದಣಿಯಾಗಲಿಲ್ಲ. ಟ್ರಸ್ಟು ಅಲ್ಲಿ ಯಾತ್ರಿಕರ ವಸತಿಗೃಹ ಕಟ್ಟಿಸಿತು. ಹಿರಿಯರು ತೀರಿಕೊಂಡರು. ಮಗನು ಆ ಸಭೆಯಲ್ಲಿದ್ದನು. ದೂರದ ಊರಿನಲ್ಲಿದ್ದ ಮಗಳಿಗೆ ಏನೂ ತಿಳಿಯದು. ಅಲ್ಲಿ ಭೂಮಿಯ ಬೆಲೆ ಈಗ ಹತ್ತುಪಟ್ಟು ಏರಿದೆ. ಕಾನೂನಿನಂತೆ ದಾನ ಪೂರ್ಣವಾಗಿಲ್ಲ, ಭೂಮಿ ವಾರಸುದಾರರದು. ಧರ್ಮ ಏನು ಹೇಳೀತು?

ಮಗನ ವಿಷಯದಲ್ಲಿ ಸಂದೇಹವಿಲ್ಲ. ಅವನಿಗೆ ತಿಳಿದಿದೆ. ಪತ್ರವಿಲ್ಲವೆಂದು ಅವನು ಹೇಳಿದರೆ ಮರೆತವನಿಗೆ ‘ಅಷ್ಟೇ’ ಎಂದ ಒತ್ತೆಗಾರನ ಮಾತಾಗುತ್ತದೆ. ತನ್ನ ಪಾಲನ್ನು ಈಗ ಪತ್ರ ಬರೆದು ನೋಂದಾಯಿಸಿ ಕೊಡುವುದು, ತಂಗಿಗೆ ಕಂಡದ್ದನ್ನು ಕಂಡಂತೆ ಹೇಳುವುದು ಅವನ ಕರ್ತವ್ಯ. ಮಗಳ ಸ್ಥಿತಿ ಬೇರೆ. ಅವಳು ‘ಆಧಾರವೇನು?’ ಎಂದು ಕೇಳುವುದು ನಿಜವಾಗಿ ತಿಳಿಯದವಳ ಪ್ರಶ್ನೆ, ಅದರಲ್ಲಿ ದೋಷವಿಲ್ಲ. ಅವಳ ಪಾಲು ಅವಳ ಬಾಳಿನ ಆಧಾರವೂ ಆಗಿರಬಹುದು. ಅಂತಹವಳನ್ನು ಸಭೆಯಲ್ಲಿ ಎಳೆದು ‘ತಂದೆಯ ಮಾತು ಮುರಿದವಳು’ ಎಂದು ನಾಚಿಸಿ ರುಜು ಪಡೆಯುವ ಅಧಿಕಾರ ಯಾವ ಟ್ರಸ್ಟಿಗೂ ಇಲ್ಲ. ಹಾಗೆ ಪಡೆದದ್ದು ಮುಕ್ತ ಸಮ್ಮತಿಯಲ್ಲವಾದುದರಿಂದ ಕಾನೂನಿಗೂ ಸಲ್ಲದು, ದಾನಧರ್ಮಕ್ಕೂ ಸಲ್ಲದು. ದಾನಿಯು ಬದುಕಿದ್ದಾಗ ಒಂದು ದಿನ ನೋಂದಣಿ ಕಚೇರಿಗೆ ಹೋಗಿಬರಲು ವ್ಯವಧಾನವಿಲ್ಲದೆ ಹೋದ ಟ್ರಸ್ಟಿನ ಪ್ರಮಾದವನ್ನು ಮಗಳ ತಲೆಗೆ ಕಟ್ಟಬಾರದು. ಇದ್ದುದನ್ನು ಅವಳ ಮುಂದಿಟ್ಟು, ಅವಳು ತಾನಾಗಿ ಒಪ್ಪಿದರೆ ಸ್ವೀಕರಿಸಿ, ಒಪ್ಪದಿದ್ದರೆ ನ್ಯಾಯವಾದ ಬೆಲೆ ಕೊಟ್ಟು ಅವಳ ಪಾಲನ್ನು ಕೊಂಡುಕೊಳ್ಳುವುದೇ ಟ್ರಸ್ಟಿಗೆ ಉಳಿದ ದಾರಿ.

ಬರೆಯದ ಮಾತುಗಳನ್ನೆಲ್ಲ ಗೌರವಿಸಬೇಕೆಂದರೆ ಸುಳ್ಳು ಹಕ್ಕುದಾರರಿಗೆ ಬಾಗಿಲು ತೆರೆದಂತಾಗದೇ ಎಂಬ ಆಕ್ಷೇಪಣೆಗೂ ಈ ಪ್ರಸಂಗದಲ್ಲಿಯೇ ಉತ್ತರವಿದೆ. ಅರಿಯದವನು ಆಧಾರ ಕೇಳಲಿ, ಕೇಳಬೇಕು. ಅರಿತವನು ಆಧಾರದ ಹಿಂದೆ ಅಡಗಬಾರದು. ಒಬ್ಬನು ಈ ಎರಡರಲ್ಲಿ ಯಾವ ಸ್ಥಾನದಲ್ಲಿದ್ದಾನೆಂಬುದನ್ನು ಹೊರಗಿನವರು ನಿರ್ಣಯಿಸಲಾರರು, ಅವನೇ ನಿರ್ಣಯಿಸಿಕೊಳ್ಳಬೇಕು. ವ್ರತವೆಂಬುದಕ್ಕೆ ಕೆಲಸವಿರುವುದೂ ಅಲ್ಲಿಯೇ.

ಆದುದರಿಂದ ನಮ್ಮ ಮನೆಗಳಲ್ಲಿಯೂ ಟ್ರಸ್ಟುಗಳಲ್ಲಿಯೂ ಎರಡು ಅಭ್ಯಾಸಗಳು ಜೊತೆಯಾಗಿ ಬೆಳೆಯಬೇಕು. ಕೊಡುವಾಗ, ಪಡೆಯುವಾಗ, ಪಾಲಾಗುವಾಗ, ದಾನ ಮಾಡುವಾಗ ಸತ್ಯವಾದುದನ್ನು, ಪೂರ್ತಿಯಾಗಿ, ಓದಿಸಿ ಕೇಳಿ ಬರೆಯುವುದು ಒಂದು. ಬರೆಯದೆ ಉಳಿದುಹೋದ ಮಾತನ್ನು ಬರೆದದ್ದಕ್ಕಿಂತ ಹೆಚ್ಚಿನ ಎಚ್ಚರದಿಂದ ನಡೆಸುವುದು ಇನ್ನೊಂದು. ಬರೆದ ಮಾತನ್ನು ಕಾಯಲು ನ್ಯಾಯಾಲಯವಿದೆ. ಬರೆಯದ ಮಾತಿಗೆ ಅದನ್ನು ಕೊಟ್ಟವರ ಹೊರತು ಬೇರೆ ಕಾವಲಿಲ್ಲ. ವರ್ಷಕ್ಕೊಮ್ಮೆ ಕ್ಷಮಾವಾಣಿಯ ದಿನ ಪರಸ್ಪರ ಕ್ಷಮೆ ಕೋರುವ ಮೊದಲು, ಪತ್ರವಿಲ್ಲದ ನಮ್ಮ ಬಾಕಿಗಳನ್ನು ಒಮ್ಮೆ ನೆನೆದು, ಒಂದು ಹಾಳೆಯಲ್ಲಿ ಬರೆದು, ಸಂಬಂಧಪಟ್ಟವರಿಗೆ ತಲುಪಿಸುವ ಪದ್ಧತಿಯನ್ನು ಕುಟುಂಬಗಳು ಇಟ್ಟುಕೊಂಡರೆ ಮುಂದಿನ ಪೀಳಿಗೆಯ ಎಷ್ಟೋ ವ್ಯಾಜ್ಯಗಳು ಹುಟ್ಟದೆ ಉಳಿದಾವು.